ಆಡಿಯೋ ಉಪಕರಣ ತಯಾರಿಸುವ ಸಣ್ಣ ಕಂಪನಿಗೆ ಆರ್ಡರ್ ಹೆಚ್ಚಾದಾಗ ಮೊದಲು ಏನನ್ನು ಹಿಗ್ಗಿಸಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನಾಲ್ಕು ಜನ ಸೇರಿ ಹೆಡ್‌ಫೋನ್ ಆಂಪ್ಲಿಫೈಯರ್, ಮೈಕ್ ಪ್ರೀಆಂಪ್ (ಮೈಕಿನ ಕ್ಷೀಣ ಸಿಗ್ನಲನ್ನು ದೊಡ್ಡದು ಮಾಡುವ ಸಾಧನ) ತಯಾರಿಸುತ್ತಿದ್ದೀರಿ. ಒಂದು ವರ್ಷದಿಂದ ಆರ್ಡರ್ ಏರುತ್ತಲೇ ಇದೆ, ಗ್ರಾಹಕರು ಈಗ ನಾಲ್ಕು ತಿಂಗಳು ಕಾಯಬೇಕಾಗಿದೆ. ಬೆಸುಗೆಗೆ ಇನ್ನಿಬ್ಬರನ್ನು ತೆಗೆದುಕೊಳ್ಳಬೇಕೋ, ಕೆಲಸವನ್ನೆಲ್ಲ ಹೊರಗೆ ಕೊಡಬೇಕೋ, ಸ್ವಲ್ಪ ಕಾಲ ಆರ್ಡರನ್ನೇ ನಿಲ್ಲಿಸಬೇಕೋ ಎಂದು ಕೇಳಿದ್ದೀರಿ.

ನಾನೂ ಇದೇ ಕೆಲಸದಲ್ಲಿದ್ದೇನೆ, ಪ್ರೀಆಂಪ್ ಮತ್ತು ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಆಗಿಸುವ ಸಾಧನ) ತಯಾರಿಸುವ ಸಣ್ಣ ಕಂಪನಿ ನಡೆಸುತ್ತೇನೆ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಬೆಸುಗೆಗೆ ಹೊಸ ಜನ ಈಗಲೇ ಬೇಡ. ಮೊದಲು ನಿಮ್ಮ ಟೆಸ್ಟ್ ಬೆಂಚ್, ಅಂದರೆ ತಯಾರಾದ ಯೂನಿಟ್‌ಗಳನ್ನು ಪರೀಕ್ಷಿಸುವ ವ್ಯವಸ್ಥೆ, ಬೆಳೆಯಲಿ, ಜೊತೆಗೆ ಬದಲಿ ಸಿಗದ ಬಿಡಿಭಾಗಗಳ ಸ್ಟಾಕು ಬೆಳೆಯಲಿ. ಉಳಿದದ್ದೆಲ್ಲ ಇವೆರಡರ ಹಿಂದೆ ಬರಲಿ.

ಯಾಕೆ ಅಂತ ಹೇಳುತ್ತೇನೆ. ನಾಳೆ ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಒಂದು ಸುತ್ತು ಹಾಕಿ, ಅರ್ಧ ಮುಗಿದ ಯೂನಿಟ್‌ಗಳು ಎಲ್ಲಿ ರಾಶಿ ಬಿದ್ದಿವೆ ನೋಡಿ. ನಾನು ನೋಡಿದ ಬಹುತೇಕ ಸಣ್ಣ ಆಡಿಯೋ ವರ್ಕ್‌ಶಾಪ್‌ಗಳಲ್ಲಿ ರಾಶಿ ಬೀಳುವುದು ಎರಡೇ ಕಡೆ: ಯಾವುದೋ ಒಂದು ಪಾರ್ಟು ಬಂದಿಲ್ಲವೆಂದು ಎತ್ತಿಟ್ಟ ಡಬ್ಬಗಳಲ್ಲಿ, ಮತ್ತು ಟೆಸ್ಟಿಗೆ ಕಾಯುವ ರ‍್ಯಾಕಿನಲ್ಲಿ. ನಿಮ್ಮಲ್ಲೂ ಹಾಗೇ ಇದ್ದರೆ ಬೆಸುಗೆಗೆ ಇಬ್ಬರು ಬಂದ ತಕ್ಷಣ ಆಗುವುದಿಷ್ಟೇ: ರ‍್ಯಾಕಿನ ಮೇಲಿನ ರಾಶಿ ಇನ್ನೂ ಎತ್ತರವಾಗುತ್ತದೆ, ಸಂಬಳ ಹೆಚ್ಚುತ್ತದೆ, ಹೊರಗೆ ಹೋಗುವ ಯೂನಿಟ್‌ಗಳ ಸಂಖ್ಯೆ ಅಷ್ಟೇ ಇರುತ್ತದೆ.

ಸರತಿಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ. ಕಾಯುವ ಕಾಲ ಎಂದರೆ ಕೈಯಲ್ಲಿರುವ ಆರ್ಡರುಗಳನ್ನು ತಿಂಗಳಿಗೆ ಹೊರಹೋಗುವ ಯೂನಿಟ್‌ಗಳಿಂದ ಭಾಗಿಸಿದರೆ ಬರುವ ಸಂಖ್ಯೆ. 80 ಆರ್ಡರ್ ಇದ್ದು ತಿಂಗಳಿಗೆ 20 ಹೊರಹೋದರೆ ನಾಲ್ಕು ತಿಂಗಳು. ತಿಂಗಳಿಗೆ 30 ಹೊಸ ಆರ್ಡರ್ ಬರುತ್ತಿದ್ದರೆ ಪ್ರತಿ ತಿಂಗಳೂ ಸರತಿ ಅರ್ಧ ತಿಂಗಳಷ್ಟು ಉದ್ದವಾಗುತ್ತದೆ. ‘ನಾಲ್ಕು ತಿಂಗಳು’ ಎಂದು ಇವತ್ತು ಆರ್ಡರ್ ಬರೆಸಿದವರಿಗೆ ಕೊಟ್ಟ ಮಾತನ್ನೇ ಮುಂದಿನ ತಿಂಗಳು ಬರೆಸಿದವರಿಗೂ ಕೊಟ್ಟರೆ ಅದು ಸುಳ್ಳಾಗುತ್ತದೆ. ಇನ್ನೊಂದು ಮಾತು. ಆರ್ಡರ್ ಬರುವ ರೀತಿಯಲ್ಲೂ ಕೆಲಸ ಮುಗಿಯುವ ರೀತಿಯಲ್ಲೂ ಏರುಪೇರು ಇದ್ದೇ ಇರುತ್ತದೆ. ಹಾಗಿರುವಾಗ ಒಂದು ಬೆಂಚು ತನ್ನ ಸಾಮರ್ಥ್ಯದ ಶೇ 80ರಷ್ಟು ತುಂಬಿದಾಗ ಸರದಿಗಾಗಿ ಕಾಯುವ ಹೊತ್ತು ಸರಳ ಲೆಕ್ಕದಲ್ಲಿ ಒಂದು ಯೂನಿಟ್‌ಗೆ ಹಿಡಿಯುವ ಹೊತ್ತಿನ 4 ಪಟ್ಟು ಇರುತ್ತದೆ, ಶೇ 90ಕ್ಕೆ 9 ಪಟ್ಟು, ಶೇ 95ಕ್ಕೆ 19 ಪಟ್ಟು. ಟೆಸ್ಟ್ ಬೆಂಚಿಗೆ ಒಂದು ನಿಮಿಷವೂ ಬಿಡುವಿಲ್ಲ ಎನ್ನುವುದು ಹೆಮ್ಮೆಯ ಮಾತಾಗಿ ಕೇಳಿಸಬಹುದು. ನಿಮ್ಮ ನಾಲ್ಕು ತಿಂಗಳ ಕಾಯುವಿಕೆಯಲ್ಲಿ ದೊಡ್ಡ ಪಾಲು ಅಲ್ಲೇ ಅಡಗಿರಬಹುದು ಎಂಬುದು ನನ್ನ ಊಹೆ.

ಟೆಸ್ಟ್ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಏಕೆಂದರೆ ಗಡಿಬಿಡಿ ಹೆಚ್ಚಾದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಇದಕ್ಕೇ. ಕೈಯಿಂದ ಒಂದೊಂದೇ ಕೇಬಲ್ ಸಿಕ್ಕಿಸಿ, ನಾಬ್ ತಿರುಗಿಸಿ, ಅಂಕಿ ಓದಿ ಬರೆದುಕೊಳ್ಳುತ್ತಾ ಹೋದರೆ ಒಂದು ಸ್ಟೀರಿಯೋ ಯೂನಿಟ್‌ಗೆ ಅರ್ಧ ಗಂಟೆ ಸುಲಭವಾಗಿ ಹೋಗುತ್ತದೆ. ಅದೇ ಕೆಲಸಕ್ಕೆ ಒಂದು ಜಿಗ್, ಅಂದರೆ ಬೋರ್ಡನ್ನು ಹಿಡಿದಿಡುವ ಚೌಕಟ್ಟು, ಕಟ್ಟಿ. ಬೋರ್ಡನ್ನು ಮೇಲೆ ಇಟ್ಟು ಒತ್ತಿದರೆ ಸ್ಪ್ರಿಂಗ್ ಪಿನ್‌ಗಳು ತಾವೇ ಟೆಸ್ಟ್ ಪಾಯಿಂಟ್‌ಗಳಿಗೆ ತಾಗಬೇಕು. ಕಂಪ್ಯೂಟರ್‌ನಿಂದ ನಡೆಸಬಹುದಾದ ಆಡಿಯೋ ಅನಲೈಜರ್ ಒಂದನ್ನು ಅದಕ್ಕೆ ಜೋಡಿಸಿ, ಸ್ಕ್ರಿಪ್ಟ್ ಬರೆದುಬಿಡಿ. ಆಡಿಯೋ ಪ್ರಿಸಿಶನ್‌ನಂಥ ದುಬಾರಿ ಯಂತ್ರವೇ ಆಗಬೇಕೆಂದಿಲ್ಲ, ಉತ್ಪಾದನೆಯ ಪರೀಕ್ಷೆಗೆ ಕ್ವಾಂಟ್‌ಅಸೈಲಮ್‌ನಂಥ ಸಣ್ಣ ಅನಲೈಜರ್ ಕೂಡ ಸಾಕಾಗುತ್ತದೆ. ಫ್ರೀಕ್ವೆನ್ಸಿ ರೆಸ್ಪಾನ್ಸ್, ಡಿಸ್ಟಾರ್ಶನ್, ನಾಯ್ಸ್, ಎಡ–ಬಲ ಚಾನೆಲ್‌ಗಳ ಮಟ್ಟ, ಔಟ್‌ಪುಟ್‌ನಲ್ಲಿರುವ ಡಿಸಿ (ಏರಿಳಿತವಿಲ್ಲದ ನೇರ ವಿದ್ಯುತ್), ಎಲ್ಲವನ್ನೂ ಅದು ಅಳೆದು, ಮಿತಿಯೊಳಗಿದೆಯೇ ನೋಡಿ, ಸೀರಿಯಲ್ ನಂಬರಿನ ಹೆಸರಲ್ಲಿ ಫೈಲು ಉಳಿಸುತ್ತದೆ. ಅರ್ಧ ಗಂಟೆಯ ಕೆಲಸ ನಾಲ್ಕೈದು ನಿಮಿಷಕ್ಕೆ ಇಳಿಯುತ್ತದೆ. ಹೆಡ್‌ಫೋನ್ ಆಂಪ್‌ನಲ್ಲಿ ಆ ಡಿಸಿ ಅಳತೆಯನ್ನು ಎಂದೂ ಬಿಡಬೇಡಿ. ಔಟ್‌ಪುಟ್‌ನಲ್ಲಿ ಡಿಸಿ ನಿಂತರೆ ಗ್ರಾಹಕರ ಹೆಡ್‌ಫೋನ್‌ನ ಡ್ರೈವರೇ ಸುಟ್ಟುಹೋಗಬಹುದು, ಅದು ನಿಮ್ಮ ಆಂಪ್‌ಗಿಂತ ಬೆಲೆಬಾಳುವಂಥದ್ದೂ ಆಗಿರಬಹುದು. ಮೇನ್ಸ್ (ಗೋಡೆಯ ಪ್ಲಗ್ಗಿನ ವಿದ್ಯುತ್) ಒಳಗೆ ಬರುವ ಯೂನಿಟ್ ಆದರೆ ಹೈ-ಪಾಟ್ (ಹೆಚ್ಚಿನ ವೋಲ್ಟೇಜ್ ಹಾಕಿ ಇನ್ಸುಲೇಶನ್ ನೋಡುವುದು) ಮತ್ತು ಅರ್ಥ್ ಕಂಟಿನ್ಯುಟಿ (ಚಾಸಿ ಅರ್ಥ್‌ಗೆ ಸರಿಯಾಗಿ ಸೇರಿದೆಯೇ ನೋಡುವುದು) ಪರೀಕ್ಷೆಗಳ ವಿಷಯದಲ್ಲಿ ಚೌಕಾಸಿಯೇ ಇಲ್ಲ.

ನಮ್ಮಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಒಂದು ಬ್ಯಾಚಿನ ಬೋರ್ಡುಗಳನ್ನು ಹೊರಗಿನ ಅಸೆಂಬ್ಲಿ ಕಂಪನಿಯೊಂದು ತುಂಬಿಸಿ ಕಳುಹಿಸಿತು. 1 ಕಿಲೋಹರ್ಟ್ಸ್‌ನಲ್ಲಿ ಅಳೆದರೆ ಎಲ್ಲವೂ ಮಿತಿಯೊಳಗೇ ಇತ್ತು. ಸ್ವೀಪ್ ಹಾಕಿದಾಗ, ಅಂದರೆ ಕೆಳಗಿನಿಂದ ಮೇಲಿನವರೆಗೆ ಎಲ್ಲ ಫ್ರೀಕ್ವೆನ್ಸಿಗಳಲ್ಲೂ ಅಳೆದಾಗ, ಮಾತ್ರ ಡಿಸ್ಟಾರ್ಶನ್ ಗೆರೆ ಮೇಲ್ಗಡೆಯ ಫ್ರೀಕ್ವೆನ್ಸಿಗಳತ್ತ ಹೋಗುತ್ತಾ ಮೆಲ್ಲಗೆ ಏರುತ್ತಿತ್ತು. 6 ಕಿಲೋಹರ್ಟ್ಸ್ ಸ್ವರಕ್ಕೆ ಅದರ ಮೂರು ಪಟ್ಟಾದ 18 ಕಿಲೋಹರ್ಟ್ಸ್‌ನಲ್ಲಿ ಮೂರನೇ ಹಾರ್ಮೋನಿಕ್ (ಮೂಲ ಸ್ವರದಲ್ಲಿಲ್ಲದ ಸೇರ್ಪಡೆ) ಸ್ಪಷ್ಟವಾಗಿ ನಿಂತಿತ್ತು. ಭೂತಗನ್ನಡಿ ಹಿಡಿದರೂ ಬೋರ್ಡಿನಲ್ಲಿ ತಪ್ಪೇನೂ ಕಾಣಲಿಲ್ಲ. ಕೊನೆಗೆ ಸಿಕ್ಕಿದ್ದು, ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಲೋ-ಪಾಸ್ ಫಿಲ್ಟರಿನ ಸೆರಾಮಿಕ್ ಕೆಪಾಸಿಟರ್. ನಮ್ಮ ಪಟ್ಟಿಯಲ್ಲಿ ಸಿ0ಜಿ ಎಂಬ ಬಗೆ ಇತ್ತು, ಸ್ಟಾಕು ಇಲ್ಲವೆಂದು ಅವರು ಎಕ್ಸ್7ಆರ್ ಎಂಬ ಬೇರೆ ಬಗೆ ಹಾಕಿದ್ದರು. ಮೌಲ್ಯ ಅದೇ, ಅಳತೆ ಅದೇ, ವೋಲ್ಟೇಜ್ ಅದೇ. ಈ ಪುಟ್ಟ ಸೆರಾಮಿಕ್ ಕೆಪಾಸಿಟರ್‌ಗಳ ಮೈಮೇಲೆ ಸಾಮಾನ್ಯವಾಗಿ ಒಂದು ಅಕ್ಷರವೂ ಇರುವುದಿಲ್ಲ, ಹಾಗಾಗಿ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಎಕ್ಸ್7ಆರ್‌ನ ಕೆಪಾಸಿಟೆನ್ಸ್ ಅದರ ಮೇಲೆ ಬೀಳುವ ವೋಲ್ಟೇಜ್‌ಗೆ ತಕ್ಕಂತೆ ಬದಲಾಗುತ್ತದೆ, ಸಿ0ಜಿಯದು ಬಹುಮಟ್ಟಿಗೆ ಬದಲಾಗುವುದಿಲ್ಲ. ವಿದ್ಯುತ್ ಪೂರೈಕೆಯ ಬದಿಯಲ್ಲಿ ಎಕ್ಸ್7ಆರ್ ಇದ್ದರೆ ಯಾರಿಗೂ ತೊಂದರೆಯಿಲ್ಲ, ಸಿಗ್ನಲ್ ಹಾದಿಯಲ್ಲಿ ಅದು ಸ್ವರಕ್ಕೆ ಬಣ್ಣ ಬಳಿಯುತ್ತದೆ. ಸಾಮಾನ್ಯ ಎಲೆಕ್ಟ್ರಾನಿಕ್ಸ್‌ನಲ್ಲಿ ‘ಸಮಾನ ಪಾರ್ಟು’ ಎನಿಸಿಕೊಳ್ಳುವುದು ಆಡಿಯೋದಲ್ಲಿ ಸಮಾನವಲ್ಲ. ನಿಮ್ಮ ಬಿಡಿಭಾಗಗಳ ಪಟ್ಟಿಯಲ್ಲಿ ಯಾವ ಸಾಲುಗಳಿಗೆ ಬದಲಿ ಹಾಕುವಂತಿಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆದು, ಒಪ್ಪಂದದಲ್ಲೇ ಸೇರಿಸಿ. ಒಂದೇ ಫ್ರೀಕ್ವೆನ್ಸಿಯಲ್ಲಿ ಅಳೆದು ಪಾಸ್ ಮಾಡುವ ಪದ್ಧತಿ ಇದ್ದರೆ ಇವತ್ತೇ ನಿಲ್ಲಿಸಿ.

ಹೊರಗೆ ಕೊಡಬೇಕೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಬೋರ್ಡ್ ತುಂಬಿಸುವ ಕೆಲಸವನ್ನು ಖಂಡಿತ ಕೊಡಿ. ಯಂತ್ರ ಅದನ್ನು ನಮ್ಮ ನಿಮ್ಮ ಕೈಗಿಂತ ಚೆನ್ನಾಗಿ ಮಾಡುತ್ತದೆ. ಡ್ಯಾಕ್ ಚಿಪ್, ಆಪ್-ಆಂಪ್ (ಸಿಗ್ನಲ್ ವರ್ಧಿಸುವ ಚಿಪ್), ಸಿಗ್ನಲ್ ಹಾದಿಯ ಕೆಪಾಸಿಟರ್‌ಗಳು ಇಂಥವನ್ನು ನೀವೇ ಕೊಂಡು ಅವರ ಕೈಗೆ ಕೊಡಿ, ಉಳಿದ ರೆಸಿಸ್ಟರ್, ಕನೆಕ್ಟರ್ ಅವರೇ ತರಲಿ. ಚಾಸಿ ಜೋಡಣೆ, ವೈರಿಂಗ್, ಕೊನೆಯ ಟೆಸ್ಟ್ ಮಾತ್ರ ನಿಮ್ಮ ಸೂರಿನಡಿಯೇ ಇರಲಿ. ಟ್ರಾನ್ಸ್‌ಫಾರ್ಮರನ್ನು ಎತ್ತ ತಿರುಗಿಸಿ ಕೂರಿಸಿದರೆ ಹಮ್ (ಗುಂಯ್‌ಗುಡುವ ಸದ್ದು) ಕಡಿಮೆ, ಯಾವ ವೈರು ಯಾವುದರ ಪಕ್ಕ ಹೋಗಬಾರದು ಎಂಬುದೆಲ್ಲ ನಿಮ್ಮವರ ಕೈಗೆ ಗೊತ್ತು, ನಕ್ಷೆಯಲ್ಲಿ ಅದು ಪೂರ್ತಿ ಇರುವುದಿಲ್ಲ.

ಇನ್ನು ಸ್ಟಾಕಿನ ವಿಷಯ. ಇಡೀ ಆಡಿಯೋ ಉದ್ಯಮ ಕೆಲವೇ ಕಾರ್ಖಾನೆಗಳ ಮೇಲೆ ನಿಂತಿದೆ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಒಕಾದಲ್ಲಿರುವ ಎಕೆಎಂ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು, ಆರಲು ದಿನಗಳೇ ಹಿಡಿದವು. ಒಳ್ಳೆಯ ದರ್ಜೆಯ ಡ್ಯಾಕ್, ಎಡಿಸಿ (ಅನಲಾಗ್ ಸಿಗ್ನಲನ್ನು ಡಿಜಿಟಲ್ ಆಗಿಸುವ) ಚಿಪ್‌ಗಳಲ್ಲಿ ಎಷ್ಟೋ ಬಗೆಗಳು ಅಲ್ಲಿಂದ ಬರುತ್ತಿದ್ದವು. ದೊಡ್ಡ ಕಂಪನಿಗಳೂ ಮಾದರಿಗಳನ್ನು ನಿಲ್ಲಿಸಬೇಕಾಯಿತು, ಇಲ್ಲವೇ ಬೇರೆ ಚಿಪ್‌ಗೆ ಹೊಸದಾಗಿ ವಿನ್ಯಾಸ ಮಾಡಬೇಕಾಯಿತು. ಚಿಪ್ ಬದಲಿಸುವುದು ಅಷ್ಟು ಸಲೀಸೂ ಅಲ್ಲ. ಎಕೆಎಂನ ಡ್ಯಾಕ್ ಎಕೆ4490 ವೋಲ್ಟೇಜ್ ಔಟ್‌ಪುಟ್ ಕೊಡುವ ಚಿಪ್. ಇನ್ನೊಂದು ಕಂಪನಿಯಾದ ಇಎಸ್‌ಎಸ್‌ನ ಸೇಬರ್ ಚಿಪ್‌ಗಳಿಂದ ಒಳ್ಳೆಯ ಫಲ ಬೇಕಿದ್ದರೆ ಕರೆಂಟ್ ಔಟ್‌ಪುಟ್ ಆಗಿ ಬಳಸಬೇಕು. ಅಂದರೆ ಅದರ ಮುಂದಿನ ಅನಲಾಗ್ ಹಂತ, ಬೋರ್ಡು, ಫರ್ಮ್‌ವೇರ್, ಟೆಸ್ಟಿನ ಮಿತಿಗಳು ಎಲ್ಲವೂ ಹೊಸದಾಗಬೇಕು. ಅದೇ ವರ್ಷದ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋದಾಗ, ವಿನೈಲ್ ರೆಕಾರ್ಡ್ ಕತ್ತರಿಸಲು ಬೇಕಾದ ಲ್ಯಾಕರ್ ಡಿಸ್ಕ್ ಮಾಡುವವರು ಜಗತ್ತಿನಲ್ಲಿ ಒಬ್ಬರೇ ಉಳಿದರು.

ಆದ್ದರಿಂದ ಪಟ್ಟಿಯ ಪ್ರತಿ ಸಾಲಿನ ಎದುರು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ನಾಳೆ ಸಿಗದಿದ್ದರೆ ಬೋರ್ಡ್ ಬದಲಿಸದೆ ಬೇರೆಯದನ್ನು ಹಾಕಬಹುದೇ? ಎನ್‌ಇ5532ನಂಥ ಆಪ್-ಆಂಪ್‌ಗೆ ಹೌದು ಎನ್ನಬಹುದು, ಅದನ್ನು ಹಲವರು ಮಾಡುತ್ತಾರೆ. ಡ್ಯಾಕ್ ಚಿಪ್, ಟ್ರಾನ್ಸ್‌ಫಾರ್ಮರ್, ನಿಮ್ಮ ಮುಂಭಾಗದ ಪ್ಯಾನೆಲ್‌ಗೆ ಸರಿಹೊಂದುವ ವಾಲ್ಯೂಮ್ ಕಂಟ್ರೋಲ್, ಇವಕ್ಕೆ ಇಲ್ಲ. ‘ಇಲ್ಲ’ ಎಂದ ಆ ಬೆರಳೆಣಿಕೆಯ ಪಾರ್ಟುಗಳನ್ನು ಒಂದು ವರ್ಷಕ್ಕೆ ಸಾಕಾಗುವಷ್ಟು ಇಟ್ಟುಕೊಳ್ಳಿ, ಉಳಿದವಕ್ಕೆ ಒಂದೆರಡು ತಿಂಗಳಿನದು ಸಾಕು. ಕೊರತೆಯ ಕಾಲದಲ್ಲಿ ಅಗ್ಗಕ್ಕೆ ಸಿಗುವ ಪಾರ್ಟುಗಳ ಆಸೆಗೆ ಬೀಳಬೇಡಿ. ತೊಷಿಬಾ ತಯಾರಿಕೆ ನಿಲ್ಲಿಸಿದ 2ಎಸ್‌ಕೆ170 ಜೆಫೆಟ್‌ನ (ಒಂದು ಬಗೆಯ ಟ್ರಾನ್ಸಿಸ್ಟರ್) ಹೆಸರಲ್ಲಿ ನಕಲಿಗಳು ಮಾರುಕಟ್ಟೆಯಲ್ಲಿ ಓಡಾಡುತ್ತವೆ. ಅದರ ಬದಲು ಲೀನಿಯರ್ ಸಿಸ್ಟಮ್ಸ್‌ನ ಎಲ್‌ಎಸ್‌ಕೆ170 ಹಾಕುವುದು ವಾಸಿ. ಅಧಿಕೃತ ವಿತರಕರಿಂದ ಮಾತ್ರ ಕೊಳ್ಳಿ, ತಯಾರಿಕೆ ನಿಲ್ಲುವ ಸೂಚನೆಗಳು ನೇರವಾಗಿ ನಿಮ್ಮ ಇಮೇಲ್‌ಗೇ ಬರುವಂತೆ ನೋಂದಾಯಿಸಿಕೊಳ್ಳಿ.

ಇಷ್ಟೆಲ್ಲಕ್ಕೂ ಹಣ ಬೇಕಲ್ಲ! ಬೆಳೆಯುತ್ತಿರುವ ಕಂಪನಿ ಲಾಭದಲ್ಲಿದ್ದೂ ಉಸಿರುಕಟ್ಟುವುದು ಇಲ್ಲಿಯೇ. ಒಂದು ಉದಾಹರಣೆ ತೆಗೆದುಕೊಳ್ಳಿ. ಯೂನಿಟ್ ಬೆಲೆ 100, ಅದರಲ್ಲಿ ಬಿಡಿಭಾಗಗಳಿಗೆ 40, ಎಲ್ಲ ಖರ್ಚು ಕಳೆದು ಉಳಿಯುವುದು 15. ಬಿಡಿಭಾಗಕ್ಕೆ ದುಡ್ಡು ಕೊಟ್ಟು ಐದು ತಿಂಗಳಾದ ಮೇಲೆ ಗ್ರಾಹಕರ ದುಡ್ಡು ಬರುತ್ತದೆ ಎನ್ನೋಣ. ತಿಂಗಳಿಗೆ 20 ಯೂನಿಟ್ ಮಾಡುವಾಗ ಸ್ಟಾಕಿನಲ್ಲಿ ಸಿಕ್ಕಿಕೊಂಡಿರುವುದು 4,000. 40ಕ್ಕೆ ಏರಿಸಬೇಕೆಂದರೆ ಇನ್ನೂ 4,000 ಮೊದಲೇ ಹಾಕಬೇಕು. ಈಗಿನ ಲಾಭ ತಿಂಗಳಿಗೆ 300. ಅಂದರೆ ಹದಿಮೂರು ತಿಂಗಳ ಲಾಭಕ್ಕೂ ಮಿಕ್ಕಿ ಹಣ, ಒಂದು ಯೂನಿಟ್ ಹೆಚ್ಚಿಗೆ ಮಾರುವ ಮೊದಲೇ, ಬಿಡಿಭಾಗಗಳಿಗೇ ಹೋಗುತ್ತದೆ. ನಿಮ್ಮ ಸ್ವಂತ ಅಂಕಿಗಳನ್ನು ಇದರಲ್ಲಿ ಹಾಕಿ ನೋಡಿದ ಮೇಲೆಯೇ ಎಷ್ಟು ವೇಗವಾಗಿ ಬೆಳೆಯುವುದೆಂದು ತೀರ್ಮಾನಿಸಿ. ಒಂದೇ ಸಲ ಇಮ್ಮಡಿ ಮಾಡುವುದರ ಬದಲು ಪ್ರತಿ ಬ್ಯಾಚನ್ನು ಹಿಂದಿನದಕ್ಕಿಂತ ಕಾಲು ಭಾಗ ಹೆಚ್ಚಿಸುತ್ತಾ ಹೋಗುವುದು ನನಗೆ ಸರಿ ಕಾಣುತ್ತದೆ. ಮಾದರಿಗಳನ್ನೂ ಕಡಿಮೆ ಮಾಡಿ. ಎರಡು ಬಣ್ಣದ ಪ್ಯಾನೆಲ್, ಮೂರು ಬಗೆಯ ಔಟ್‌ಪುಟ್ ಅಂದರೆ ಆರು ಬಗೆಯ ಸ್ಟಾಕು, ಹೆಚ್ಚು ಮಾರುವುದು ಅದರಲ್ಲಿ ಒಂದೋ ಎರಡೋ.

ಈ ಹಣದ ಕೊರತೆಯನ್ನು ಗ್ರಾಹಕರ ಮುಂಗಡದಿಂದ ತುಂಬಿಸಿಕೊಳ್ಳೋಣ ಎನಿಸುತ್ತದೆ. ದಯವಿಟ್ಟು ಬೇಡ. ಪೂರ್ತಿ ಹಣ ಮೊದಲೇ ಪಡೆದು ಅದರಲ್ಲಿ ಬಿಡಿಭಾಗ ಕೊಂಡರೆ, ಒಂದು ಚಿಪ್ ತಡವಾದ ದಿನ ನಿಮ್ಮ ಬಳಿ ಹಣವೂ ಇಲ್ಲ, ಯೂನಿಟ್ಟೂ ಇಲ್ಲ. ಕಾಯುವವರು ವಾಪಸ್ ಕೇಳಿದರೆ ಕೊಡಲು ಆಗದ ಸ್ಥಿತಿ. ಸಣ್ಣ ಮುಂಗಡ ಪಡೆಯಿರಿ, ಅದನ್ನು ಬೇರೆ ಖಾತೆಯಲ್ಲಿಡಿ, ಕೇಳಿದವರಿಗೆ ತಕರಾರಿಲ್ಲದೆ ಹಿಂದಿರುಗಿಸಿ, ಉಳಿದ ಹಣ ಯೂನಿಟ್ ಪ್ಯಾಕ್ ಆದ ದಿನ ತೆಗೆದುಕೊಳ್ಳಿ. ನಮ್ಮಂಥ ಸಣ್ಣವರ ಮೇಲೆ ಜನ ಇಟ್ಟಿರುವ ನಂಬಿಕೆ ಬಹಳ ದೊಡ್ಡದು, ಅದನ್ನು ಸಾಲದ ಹಾಗೆ ಖರ್ಚು ಮಾಡಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಜನರನ್ನು ತೆಗೆದುಕೊಳ್ಳುವ ಹೊತ್ತು ಬಂದಾಗ ಮೊದಲನೆಯವರು ಗ್ರಾಹಕರ ಪತ್ರ, ಖರೀದಿ, ಪ್ಯಾಕಿಂಗ್ ನೋಡಿಕೊಳ್ಳುವವರಾಗಲಿ. ಆ ಕೆಲಸಗಳು ಈಗ ವಿನ್ಯಾಸ ಮಾಡುವ ನಿಮ್ಮ ದಿನವನ್ನು ತಿನ್ನುತ್ತಿರುತ್ತವೆ, ಜಿಗ್ ಕಟ್ಟಲು, ಸ್ಕ್ರಿಪ್ಟ್ ಬರೆಯಲು ಬೇಕಾದ ಸಮಯ ಅಲ್ಲಿಂದಲೇ ಸಿಗಬೇಕು. ಜೋಡಣೆಗೆ ಜನ ಎರಡನೇ ಹಂತ. ಅವರು ಬರುವ ಮೊದಲು ಪ್ರತಿ ಹೆಜ್ಜೆಯ ಫೋಟೋ ತೆಗೆದು, ಯಾವ ಸ್ಕ್ರೂ ಎಷ್ಟು ಬಿಗಿ, ಯಾವ ವೈರು ಮೊದಲು ಎಂದು ಬರೆದಿಟ್ಟಿರಿ.

ಆರ್ಡರ್ ನಿಲ್ಲಿಸಬೇಕೇ? ಪೂರ್ತಿ ಮುಚ್ಚುವುದು ಬೇಡ, ಬ್ಯಾಚ್ ಲೆಕ್ಕದಲ್ಲಿ ತೆರೆಯಿರಿ. ಬದಲಿ ಸಿಗದ ಪಾರ್ಟುಗಳೆಲ್ಲ ಕೈಗೆ ಬಂದ ಮೇಲೆ ಅಷ್ಟು ಯೂನಿಟ್‌ಗಳಿಗೆ ಮಾತ್ರ ಆರ್ಡರ್ ತೆಗೆದುಕೊಳ್ಳಿ, ಉಳಿದವರ ಹೆಸರು ಬರೆದಿಟ್ಟುಕೊಳ್ಳಿ. ಬೇಡಿಕೆಯ ನಿಜವಾದ ಗಾತ್ರವೂ ಆಗ ಗೊತ್ತಾಗುತ್ತದೆ. ಮಾಲು ಸಿಗುವುದು ಕಷ್ಟ ಎಂದಾಗ ಡೀಲರ್‌ಗಳು ಐದು ಬೇಕಿದ್ದರೆ ಹತ್ತು ಬರೆಸುತ್ತಾರೆ, ಗ್ರಾಹಕರು ಎರಡು ಕಡೆ ಹೆಸರು ಕೊಟ್ಟಿರುತ್ತಾರೆ. ಸರತಿ ಚಿಕ್ಕದಾದ ತಕ್ಷಣ ಅವೆಲ್ಲ ಒಟ್ಟಿಗೆ ರದ್ದಾಗುತ್ತವೆ. ಡೀಲರ್‌ಗಳಿಗೆ ಅವರು ಕೇಳಿದ್ದನ್ನು ನೋಡಿ ಹಂಚಬೇಡಿ, ಕಳೆದ ತಿಂಗಳುಗಳಲ್ಲಿ ನಿಜವಾಗಿ ಮಾರಿದ್ದನ್ನು ನೋಡಿ ಹಂಚಿ. ಪ್ರತಿ ಬ್ಯಾಚಿನಿಂದಲೂ ಒಂದಿಷ್ಟು ಬೋರ್ಡು, ಟ್ರಾನ್ಸ್‌ಫಾರ್ಮರ್, ವಾಲ್ಯೂಮ್ ಕಂಟ್ರೋಲ್ ರಿಪೇರಿಗೆಂದು ಬೇರೆ ಎತ್ತಿಡಿ. ಎಷ್ಟೇ ಒತ್ತಡ ಬಂದರೂ ಆ ಡಬ್ಬಕ್ಕೆ ಕೈ ಹಾಕಿ ಹೊಸ ಯೂನಿಟ್ ಮಾಡಬೇಡಿ, ಏಕೆಂದರೆ ಮೂರು ವರ್ಷದ ಹಿಂದೆ ಕೊಂಡವರ ಯೂನಿಟ್ ಕೆಟ್ಟಾಗ ಅವರಿಗೂ ಅದೇ ಪಾರ್ಟು ಬೇಕು.