ಗಂಡ ಬೆಂಗಳೂರಿನಲ್ಲಿ, ನಾನು ದಾವಣಗೆರೆಯಲ್ಲಿ. ಡೈವೋರ್ಸ್‌ಗೆ ಎಷ್ಟು ಖರ್ಚಾಗುತ್ತದೆ?

ನಾಲ್ಕು ವರ್ಷದ ಮಗಳ ಜೊತೆ ತವರಿನಲ್ಲಿದ್ದೀನಿ, ಸಂಪಾದನೆ ಇಲ್ಲ, ವಕೀಲರೊಬ್ಬರು ಒಂದೂವರೆ ಲಕ್ಷ ಕೇಳಿದ್ದಾರೆ, ಒಡವೆ ಅಡ ಇಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಸದ್ಯಕ್ಕೆ ಒಡವೆ ಮುಟ್ಟಬೇಡಿ. ಮೊದಲು ನಿಮ್ಮ ಊರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಉಚಿತ ವಕೀಲರನ್ನು ಕೊಡಲು ಆದಾಯದ ಮಿತಿಯೇ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ನಿನಲ್ಲೇ ಅದು ಇದೆ. ಹೋಗಲು ಹಿಂಜರಿಕೆಯಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ವಿಚಾರಿಸಿ. ಪುಕ್ಕಟೆ ವಕೀಲರು ಮನಸ್ಸಿಟ್ಟು ನಡೆಸಲ್ಲ ಅಂತ ನನಗೂ ತುಂಬಾ ಜನ ಹೇಳಿದ್ದರು. ನನ್ನ ಕೇಸು ಕೊನೆತನಕ ನಡೆಸಿದ್ದು ಹಾಗೆ ಸಿಕ್ಕಿದ ವಕೀಲರೇ, ಪ್ರತಿಸಲವೂ ಫೈಲು ಓದಿಕೊಂಡು ಬರುತ್ತಿದ್ದರು.

ಇನ್ನು ನಿಜವಾದ ಖರ್ಚಿನ ಮಾತು. ಅರ್ಜಿಗೆ ಕಟ್ಟುವ ಕೋರ್ಟ್ ಫೀ ತೀರಾ ಕಡಿಮೆ. ಹಣ ಸೋರುವುದು ವಾಯಿದೆಗಳಲ್ಲಿ. ನಾನು ತುಮಕೂರಿನಲ್ಲಿ ಖಾಸಗಿ ಶಾಲೆಯ ಟೀಚರ್. ಕೇಸು ಬೆಂಗಳೂರಿನ ಫ್ಯಾಮಿಲಿ ಕೋರ್ಟಿನಲ್ಲಿತ್ತು. ಒಂದು ವಾಯಿದೆ ಅಂದರೆ ಆ ದಿನದ ಸಂಬಳ ಕಟ್, ಬಸ್ಸು, ಆಟೋ, ಜೊತೆಗೆ ಬರುವ ಅಣ್ಣನ ಕೆಲಸಕ್ಕೂ ರಜೆ. ನ್ಯಾಯಾಧೀಶರು ರಜೆಯಲ್ಲಿದ್ದರೆ, ಎದುರು ವಕೀಲರು ಸಮಯ ಕೇಳಿದರೆ, ಮುಂದಿನ ತಾರೀಖು ಬರೆದುಕೊಂಡು ವಾಪಸ್ ಬರುವುದಷ್ಟೇ. ಹೀಗೆ ವರ್ಷಗಟ್ಟಲೆ ಎಳೆದರೆ, ವಕೀಲರ ಫೀ ಸೊನ್ನೆಯಾಗಿದ್ದರೂ ಮನೆ ಬರಿದಾಗುತ್ತದೆ.

ಅದಕ್ಕೇ ನೀವು ಬೆಂಗಳೂರಿಗೆ ಹೋಗಿ ಕೇಸು ಹಾಕಬೇಡಿ. ದೇವಸ್ಥಾನದಲ್ಲಿ ಮದುವೆಯಾಯಿತು ಅಂದಿದ್ದೀರಿ, ಇಬ್ಬರೂ ಹಿಂದೂಗಳಾಗಿದ್ದರೆ ನಿಮಗೆ ಹಿಂದೂ ವಿವಾಹ ಕಾಯ್ದೆ ಅನ್ವಯಿಸುತ್ತದೆ. 2003ರ ತಿದ್ದುಪಡಿಯ ನಂತರ ಹೆಂಡತಿ ತಾನು ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು. ನಿಮ್ಮ ಗಂಡನೇ ಮೊದಲು ಬೆಂಗಳೂರಿನಲ್ಲಿ ಹಾಕಿಬಿಟ್ಟರೆ, ಕೇಸನ್ನು ದಾವಣಗೆರೆಗೆ ವರ್ಗಾಯಿಸಿ ಅಂತ ಹೈಕೋರ್ಟಿಗೆ ಕೇಳಿಕೊಳ್ಳಬಹುದು. ಚಿಕ್ಕ ಮಗು ಇದೆ, ಸಂಪಾದನೆ ಇಲ್ಲ ಅನ್ನುವುದನ್ನು ಅಲ್ಲಿ ಮುಖ್ಯವಾಗಿ ಹೇಳಿ.

ಇಬ್ಬರೂ ಒಪ್ಪಿದರೆ ಅದಕ್ಕಿಂತ ಅಗ್ಗದ ದಾರಿ ಇಲ್ಲ. ಅದೇ ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ ಅಡಿ ಜಂಟಿ ಅರ್ಜಿ ಹಾಕಲು ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿಯ ನಂತರ ಆರು ತಿಂಗಳ ಕಾಯುವಿಕೆ ಇದೆಯಾದರೂ, ಜೀವನಾಂಶ, ಮಗುವಿನ ವಿಷಯ ಎಲ್ಲಾ ಇತ್ಯರ್ಥವಾಗಿ, ಮತ್ತೆ ಒಂದಾಗುವ ಸಾಧ್ಯತೆಯೇ ಇಲ್ಲದಿದ್ದರೆ ಕೋರ್ಟು ಅದನ್ನು ಬಿಟ್ಟುಕೊಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆದರೆ ಬೇಗ ಮುಗಿಯಲಿ ಅನ್ನುವ ಆತುರಕ್ಕೆ ಮಗಳ ಖರ್ಚನ್ನು ಬಿಟ್ಟುಕೊಡಬೇಡಿ. ನಿಮಗೆ ಒಟ್ಟಿಗೆ ಕೊಡುವ ಮೊತ್ತ ಬೇರೆ, ಅವಳ ಓದು, ಆರೋಗ್ಯಕ್ಕೆ ಕೊಡುವುದು ಬೇರೆ. ರಾಜಿ ಪತ್ರದಲ್ಲಿ ಎರಡನ್ನೂ ಬೇರೆಬೇರೆಯಾಗಿ ಬರೆಸಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಇಬ್ಬರ ಹೆಸರಿನಲ್ಲೂ ಗೃಹಸಾಲ ಇದೆ ಅಂದಿರಿ. ಡೈವೋರ್ಸ್ ಆಯಿತು ಅಂತ ಬ್ಯಾಂಕು ನಿಮ್ಮ ಹೆಸರನ್ನು ತಾನಾಗಿ ತೆಗೆಯುವುದಿಲ್ಲ. ಗಂಡ ಕಂತು ನಿಲ್ಲಿಸಿದರೆ ನಿಮ್ಮನ್ನೇ ಕೇಳುತ್ತದೆ. ಮನೆ ಯಾರಿಗೆ, ಸಾಲ ಯಾರು ತೀರಿಸುತ್ತಾರೆ ಅನ್ನುವುದನ್ನು ಸಹಿ ಹಾಕುವ ಮೊದಲೇ ಬ್ಯಾಂಕಿನ ಜೊತೆಗೂ ಮಾತಾಡಿ ತೀರ್ಮಾನಿಸಿ.

ಅವರು ಒಪ್ಪದೆ ಕೇಸು ನಡೆಯಲೇಬೇಕಾದರೆ, ಮಧ್ಯಂತರ ಜೀವನಾಂಶಕ್ಕೂ (ಕೇಸು ಮುಗಿಯುವ ತನಕದ್ದು) ಕೇಸಿನ ಖರ್ಚಿಗೂ ಸೇರಿಸಿ ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ ಅಡಿ ಅರ್ಜಿ ಹಾಕಿಸಿ. ಸಾಧ್ಯವಾದಷ್ಟು ಮಟ್ಟಿಗೆ, ನೋಟಿಸ್ ತಲುಪಿದ 60 ದಿನದೊಳಗೆ ಅದನ್ನು ತೀರ್ಮಾನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನನ್ನದು ಅದಕ್ಕಿಂತ ತುಂಬಾ ತಡವಾಯಿತು, ಹಾಗಾಗಿ ಮೊದಲ ದಿನವೇ ಹಾಕಿಸಿ.

ಮದುವೆಯಲ್ಲಿ ತವರಿನವರು ಕೊಟ್ಟ ಒಡವೆ ನಿಮ್ಮ ಸ್ತ್ರೀಧನ, ಗಂಡನ ಮನೆಯಲ್ಲಿ ಉಳಿದಿದ್ದರೂ ನಿಮ್ಮದೇ. ಅಂಗಡಿ ಬಿಲ್ಲು, ಮದುವೆ ಫೋಟೋ, ಲಗ್ನಪತ್ರಿಕೆ, ಮಗಳ ಜನನ ಪ್ರಮಾಣಪತ್ರ, ಸಾಲದ ಕಾಗದ ಒಟ್ಟುಮಾಡಿಕೊಂಡು ಹೋಗಿ. ಗಂಡನ ಸಂಬಳದ ಚೀಟಿ ಕೈಗೆ ಸಿಗದಿದ್ದರೆ ಅದಕ್ಕಾಗಿ ಕಾಯಬೇಡಿ: ಜೀವನಾಂಶದ ಅರ್ಜಿಯಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು ಅಂತ 2020ರ ರಜನೇಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.