ಮೇಷ್ಟ್ರ ಟ್ರಂಕು, ನಿಧಿಯ ಮಾತು

ಪ್ರಶ್ನೆ: ನಮ್ಮ ದೊಡ್ಡಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ರಜೆ ಬಂದರೆ ಹೊಲ, ಕೆರೆ ಏರಿ ಸುತ್ತುತ್ತಿದ್ದರು. ತೀರಿಕೊಂಡ ಮೇಲೆ ಅವರ ಟ್ರಂಕು ತೆಗೆದರೆ ಕಲ್ಲಿನ ಕೊಡಲಿಗಳು, ಟಿಪ್ಪು ಕಾಲದ ಆನೆ ಕಾಸು, ರಾಶಿ ಮಡಕೆ ಚೂರು, ಒಂದು ನೋಟ್‌ಬುಕ್. ನಿಧಿ ಆಸೆಗೆ ಅಲೆಯುತ್ತಿದ್ದರು ಅಂತ ಊರಲ್ಲಿ ಮಾತು. ನಿಜಕ್ಕೂ ಅವರಿಗೆ ಬೇಕಾಗಿದ್ದೇನು? ಇದನ್ನೆಲ್ಲ ಮ್ಯೂಸಿಯಂನವರು ತೆಗೆದುಕೊಳ್ಳುತ್ತಾರಾ?
– ಓದುಗರೊಬ್ಬರು, ಮದ್ದೂರು

ಉತ್ತರ: ನಿಧಿ ಹುಡುಕುವವನು ಮಡಕೆ ಚೂರು ಹೊತ್ತು ತರುವುದಿಲ್ಲ ಸ್ವಾಮಿ. ಊರವರ ಮಾತು ಬಿಡಿ, ಟ್ರಂಕೇ ಸಾಕ್ಷಿ ಹೇಳುತ್ತಿದೆ. ಮ್ಯೂಸಿಯಂನಲ್ಲಿ ಕೆಲಸ ಮಾಡಿದವನು ನಾನು, ಇಂಥ ಮೇಷ್ಟ್ರುಗಳನ್ನು ಕಂಡಿದ್ದೇನೆ. ಸ್ವಲ್ಪ ಹುಚ್ಚು, ಸ್ವಲ್ಪ ಹೆಸರಿನ ಆಸೆ, ಭಾನುವಾರ ಮನೆಯಿಂದ ತಪ್ಪಿಸಿಕೊಳ್ಳುವ ಖುಷಿ. ಎಲ್ಲ ಸೇರಿಕೊಂಡಿರುತ್ತೆ.

ರಾಬರ್ಟ್ ಬ್ರೂಸ್ ಫೂಟ್ ಅವರನ್ನೇ ನೋಡಿ. ಸಂಬಳದ ಕೆಲಸ ಭೂವಿಜ್ಞಾನ ಸರ್ವೆ. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧವೊಂದು ಕಣ್ಣಿಗೆ ಬಿತ್ತು. ಆಮೇಲೆ ಬಳ್ಳಾರಿ ಬೆಟ್ಟಗಳು, ಮೈಸೂರು ಸೀಮೆ, ಹೋದಲ್ಲೆಲ್ಲ ಕಲ್ಲು ಹೆಕ್ಕಿದ್ದೇ ಹೆಕ್ಕಿದ್ದು. ಕೂಡಿಟ್ಟದ್ದನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂಗೆ ಮಾರಿದರು. ದಾನ ಅಲ್ಲ, ದುಡ್ಡಿಗೇ. ಹಾಗಂತ ವ್ಯಾಪಾರಿ ಅನ್ನೋಕಾಗುತ್ತಾ? ಯಾವ ಕಲ್ಲು ಎಲ್ಲಿ ಸಿಕ್ಕಿತು ಅಂತ ಬರೆದಿಟ್ಟಿದ್ದರು. ಆ ಸಂಗ್ರಹಕ್ಕೆ ಇವತ್ತಿಗೂ ಬೆಲೆ ಇರುವುದು ಅದಕ್ಕೇ.

ಮ್ಯೂಸಿಯಂನಲ್ಲಿ ಇರುವುದೆಲ್ಲ ಹೀಗೇ ಬಂದದ್ದಲ್ಲ. ನಮ್ಮ ಶ್ರೀರಂಗಪಟ್ಟಣದ ಟಿಪ್ಪುವಿನ ಮರದ ಹುಲಿ ಲಂಡನ್ ಸೇರಿದ್ದು 1799ರ ಲೂಟಿಯಿಂದ. ನಿಮ್ಮ ಕಡೆಯದೇ ಆತಕೂರಿನ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಹಂದಿ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ 10ನೇ ಶತಮಾನದಲ್ಲಿ ನಿಲ್ಲಿಸಿದ ಕಲ್ಲು. ಜಾಗ ಬದಲಾದರೂ ಎಲ್ಲಿಯದು ಅನ್ನುವುದು ಗೊತ್ತಿದೆ, ಅಷ್ಟಾದರೂ ಸಮಾಧಾನ.

ಹಾಗಾಗಿ ಮೊದಲು ನೋಟ್‌ಬುಕ್ ಜೋಪಾನ ಮಾಡಿ. ಕೊಡಲಿಗಳನ್ನು ಬೆಳಕಿಗೆ ಹಿಡಿದು ನೋಡಿ. ಬಾಯಿಯ ಕಡೆ ಅಲ್ಲ, ಹಿಂಬದಿಯಲ್ಲಿ ಚೂರು ಬಿಳಿ ಪೇಂಟು, ಅದರ ಮೇಲೆ ಕಪ್ಪು ಇಂಕಿನ ನಂಬರ್ ಇರಬಹುದು. ಅದೇ ನಂಬರ್ ನೋಟ್‌ಬುಕ್ಕಿನಲ್ಲಿ ಊರಿನ ಹೆಸರಿನ ಮುಂದೆ ಸಿಕ್ಕಿದರೆ, ನಿಧಿ ಮಾತಾಡಿದವರಿಗೆ ತೋರಿಸಿ. ಚೂರುಗಳನ್ನು ಒಂದೇ ಚೀಲಕ್ಕೆ ಸುರಿಯಬೇಡಿ. ಕಾಸುಗಳನ್ನು ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಫಳಫಳ ಹೊಳೆಯುತ್ತೆ ನಿಜ, ಆನೆಯ ಸೊಂಡಿಲು ಸವೆದು ಹೋಗುತ್ತೆ.

ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಫೋಟೋ, ಪಟ್ಟಿ ಇಟ್ಟು ಪತ್ರ ಬರೆಯಿರಿ. ಎಲ್ಲವನ್ನೂ ತೆಗೆದುಕೊಳ್ಳುತ್ತಾರೆ, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಮಧ್ಯೆ ಯಾರಾದರೂ ಬಂದು ಒಳ್ಳೆ ರೇಟು ಕೊಡುತ್ತೇನೆ ಅಂದರೆ ಲೈಸೆನ್ಸ್ ತೋರಿಸಪ್ಪ ಅನ್ನಿ. ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ 1972ರ ಕಾಯ್ದೆ ಪ್ರಕಾರ ಅದು ಬೇಕೇ ಬೇಕು. ಇಲಾಖೆಗೆ ಕೊಟ್ಟ ದಿನ ರಸೀದಿ ಕೇಳಿ ಪಡೆಯಿರಿ. ಅದರಲ್ಲಿ ದೊಡ್ಡಪ್ಪನ ಹೆಸರು, ವಸ್ತು ಸಿಕ್ಕಿದ ಊರಿನ ಹೆಸರು ಎರಡೂ ಇರಲಿ.