ಜಪಾನಿನ ಚಹಾ ಬೀಜದ ಎಣ್ಣೆ, ಟೀ ಟ್ರೀ ಆಯಿಲ್ ಎರಡೂ ಒಂದೇನಾ?

ಅಲ್ಲ. ಹೆಸರಿನಲ್ಲಿರುವ ‘ಟೀ’ ಬಿಟ್ಟರೆ ಎರಡಕ್ಕೂ ನಂಟಿಲ್ಲ. ಟೀ ಟ್ರೀ ಆಯಿಲ್ ಅಂದರೆ ಆಸ್ಟ್ರೇಲಿಯಾದ ಮೆಲಲ್ಯೂಕಾ ಎಂಬ ಮರದ ಎಲೆಗಳನ್ನು ಹಬೆಯಲ್ಲಿ ಭಟ್ಟಿ ಇಳಿಸಿ ತೆಗೆದ ಘಾಟಿನ ತೈಲ. ಅದು ಗಾಳಿಗೆ ಆರಿಹೋಗುತ್ತದೆ. ಬೇರೆ ಎಣ್ಣೆಯಲ್ಲಿ ಬೆರೆಸಿ ತೆಳುಮಾಡದೆ ಹಚ್ಚಿದರೆ ಚರ್ಮ ಉರಿಯಬಹುದು. ಚಹಾ ಬೀಜದ ಎಣ್ಣೆ ನಾವು ಕುಡಿಯುವ ಚಹಾ ಗಿಡದ ಬೀಜವನ್ನೇ ಹಿಂಡಿ ತೆಗೆದದ್ದು, ಕಡಲೆಕಾಯಿ ಎಣ್ಣೆಯ ಹಾಗೆ.

ಚಹಾ ಬೀಜದ ಎಣ್ಣೆಯಲ್ಲಿ ಹೆಚ್ಚಾಗಿರುವುದು ಓಲೀಕ್ ಆಮ್ಲ, ಅಂದರೆ ಆಲಿವ್ ಎಣ್ಣೆಯಲ್ಲೂ ಇರುವ ಕೊಬ್ಬಿನಾಮ್ಲ. ನಮ್ಮ ಚರ್ಮದ ಜಿಡ್ಡಿನಲ್ಲೂ ಅದಿದೆ. ಹಾಗಾಗಿ ಈ ಎಣ್ಣೆ ತೆಳ್ಳಗೆ ಹರಡಿ, ಚರ್ಮದ ತೇವ ಆರದಂತೆ ತಡೆಯುತ್ತದೆ. ಒಣ ಚರ್ಮಕ್ಕೆ ಒಳ್ಳೆಯದು. ಮೊಡವೆಗೆ ಮದ್ದು ಅಂದುಕೊಂಡು ಮಾತ್ರ ಕೊಳ್ಳಬೇಡಿ.

ಈ ಎಣ್ಣೆ ದುಬಾರಿ ಏಕೆ ಅಂದರೆ, ತೋಟದವರಿಗೆ ಬೇಕಾದದ್ದು ಚಿಗುರು. ಗಿಡವನ್ನು ಸವರುತ್ತಲೇ ಇರುತ್ತಾರೆ, ಹೊಸ ಸಸಿಯನ್ನೂ ಕಡ್ಡಿ ನೆಟ್ಟೇ ಬೆಳೆಸುತ್ತಾರೆ. ಹಾಗಾಗಿ ಬೀಜಕ್ಕೆಂದು ಗಿಡ ಬಿಡುವವರು ಕಡಿಮೆ. ಶರತ್ಕಾಲದಲ್ಲಿ ಬಿಟ್ಟ ಹೂವು ಕಾಯಾಗಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಬೀಜ ಧಾರಾಳವಾಗಿ ಸಿಗುವುದು ಸವರದೆ ಪಾಳುಬಿಟ್ಟ ತೋಟಗಳಲ್ಲೇ.

ಅಂದಹಾಗೆ, ಜಪಾನಿನ ಹೆಸರಾಂತ ‘ತ್ಸುಬಾಕಿ’ ಎಣ್ಣೆ ಚಹಾ ಗಿಡದ ದಾಯಾದಿಯಾದ ಕ್ಯಾಮೆಲಿಯಾ ಎಂಬ ಹೂಗಿಡದ್ದು. ಕೊಳ್ಳುವ ಮುಂಚೆ ಲೇಬಲ್ ಓದಿ.